ಬೇಲಿ ಬಂದ್ ಮಾಡಿದ ಪುಣ್ಯಾತ್ಮ

ನ್ಯಾಮತಿಯಲ್ಲಿ ಸಂಜೆ ಕರೆಂಟು ಹೋದರೆ ನಮ್ಮ ಬೀದಿಯ ಮನೆಮನೆಯಿಂದಲೂ ಒಂದೊಂದು ಬೈಗುಳ ಹೊರಡುತ್ತದೆ. ನಮ್ಮ ಮನೆಯಿಂದ ಮಾತ್ರ "ಆಹಾ, ಹೋಯ್ತು!" ಎಂಬ ಸಂತೋಷದ ಕೂಗು ಕೇಳಿಸುತ್ತದೆ. ಕೂಗುವವರು ನಮ್ಮ ಮನೆಯವರು. ನೌಕರಿ ಪೂರ್ತಿ ವಿದ್ಯುತ್ ಇಲಾಖೆಯಲ್ಲಿ ಕಳೆದು, ಹೊನ್ನಾಳಿಯಲ್ಲೂ ಜಗಳೂರಿನಲ್ಲೂ ಕಂಬ ಹತ್ತಿ ಇಳಿದು, ಕರೆಂಟು ಯಾವಾಗ ಬರುತ್ತದೆ ಎಂದು ಕೇಳುವವರಿಗೆಲ್ಲ ಉತ್ತರ ಹೇಳಿ ಹೇಳಿ ಸುಸ್ತಾಗಿ ನಿವೃತ್ತರಾದ ಮನುಷ್ಯ ಇವರು. ಈಗ ತಾವೇ ಕಚೇರಿಗೆ ಫೋನು ಮಾಡಿ, ಹಳೆಯ ಸಲುಗೆಯ ಮೇಲೆ, "ಇವತ್ತು ಯಾವಾಗ ತೆಗೀತೀರಪ್ಪಾ?" ಎಂದು ಕೇಳುತ್ತಾರೆ. ಆ ಕಡೆಯವರಿಗೆ ಮೊದಮೊದಲು ಗಾಬರಿಯಾಗುತ್ತಿತ್ತಂತೆ.

ಇದಕ್ಕೆಲ್ಲ ಕಾರಣ ರೇಡಿಯೋ. ಶಾರ್ಟ್‌ವೇವಿನಲ್ಲಿ ದೂರದೂರದ ದೇಶಗಳ ನಿಲಯಗಳನ್ನು ಹುಡುಕಿ ಕೇಳುವುದು ಇವರ ಹವ್ಯಾಸ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಮಿಕ್ಸಿ, ಟೀವಿಯ ಡಬ್ಬ ಎಲ್ಲವೂ ಆ ರೇಡಿಯೋಕ್ಕೆ ವೈರಿಗಳು. ಒಂದು ಆನ್ ಆದರೂ ಸಾಕು, ಒಳಗೆ ಜೀರುಂಡೆ ಹೊಕ್ಕ ಹಾಗೆ ಗುಂಯ್‌ಗುಡುತ್ತದೆ. ಊರು ಕತ್ತಲಾದರೆ ಆ ಗುಂಯ್ ನಿಂತು ಎಲ್ಲಿಯದೋ ಒಂದು ಸಣ್ಣ ದನಿ ಮೇಲಕ್ಕೆ ಬರುತ್ತದೆ. ಅದಕ್ಕಾಗಿ ಇವರು ಕಾಯುತ್ತಾರೆ.

ಕೇಳುವುದು ಎಂದೆನಲ್ಲ, ಆ ಮಾತನ್ನು ಸ್ವಲ್ಪ ತಿದ್ದಬೇಕು. ಕಾರ್ಯಕ್ರಮ ಏನು ಎಂಬುದು ಇವರಿಗೆ ಮುಖ್ಯವೇ ಅಲ್ಲ. ನಿಲಯದವರು ತಮ್ಮ ಹೆಸರು ಹೇಳಿದರೆ ಮುಗಿಯಿತು, ಹಾಡು ಶುರುವಾಗುವ ಹೊತ್ತಿಗೆ ಇವರು ಮುಂದಿನ ದೇಶಕ್ಕೆ ಹೋಗಿರುತ್ತಾರೆ. ಮದುವೆ ಮನೆಯ ಬಾಗಿಲಲ್ಲಿ ಗಂಡು ಹೆಣ್ಣಿನ ಹೆಸರು ಓದಿಕೊಂಡು ಊಟ ಮಾಡದೆ ವಾಪಸು ಬರುವವರನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ಕೇಳಿದ ಮೇಲೆ ಶಬ್ದ ಎಷ್ಟು ಸ್ಪಷ್ಟ, ಅಡಚಣೆ ಎಷ್ಟು ಎಂದು ಐದರಲ್ಲಿ ಅಂಕ ಕೊಟ್ಟು ಆ ನಿಲಯಕ್ಕೆ ತಿಳಿಸುತ್ತಾರೆ. ಅವರು ಸಂತೋಷಪಟ್ಟು ಒಂದು ಚಿತ್ರದ ಕಾರ್ಡು ಕಳಿಸುತ್ತಾರೆ. ಈ ಅಂಕದ ಚಟ ಅಡಿಗೆಮನೆಗೂ ಬಂದಿತ್ತು. ಒಂದು ದಿನ ನನ್ನ ಸಾರಿಗೆ ಮೂರು ಕೊಟ್ಟರು. ಮರುದಿನ ಸಾರೇ ಮಾಡಲಿಲ್ಲ. ಅಲ್ಲಿಗೆ ಅಡಿಗೆಯ ಪರೀಕ್ಷೆ ನಿಂತಿತು.

ನಾನು ರವಿಕೆ ಹೊಲಿಯುವವಳು. ನನ್ನ ಮಷೀನಿಗೆ ಮೋಟಾರು ಇದೆ. ಅದನ್ನು ಹಾಕಿದರೆ ರೇಡಿಯೋದಲ್ಲಿ ಹಿಟ್ಟಿನ ಗಿರಣಿ ಶುರುವಾಗುತ್ತದೆ. ಹಾಗಾಗಿ ಸಂಜೆ ಇವರು ರೇಡಿಯೋ ಮುಂದೆ ಕುಳಿತರೆ ನಾನು ಮೋಟಾರಿನ ಬೆಲ್ಟು ಕಳಚಿ ಕಾಲಲ್ಲಿ ತುಳಿಯಬೇಕೆಂದು ನಮ್ಮಲ್ಲಿ ಒಪ್ಪಂದ. ಶಾಂತ ಸಾಗರದ ದ್ವೀಪಗಳಿಗೆ ನನ್ನ ಮಂಡಿಗಳು ಸಲ್ಲಿಸಿದ ಸೇವೆ ಆ ದ್ವೀಪದವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಒಂದು ಕಾರ್ಡು ನನಗೂ ಕಳಿಸುತ್ತಿದ್ದರು.

ರೇಡಿಯೋ ಆರಿಸುವುದರಲ್ಲಿ ಇವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ನನ್ನನ್ನು ನೋಡಲು ಬಂದಾಗ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಒಪ್ಪಿಕೊಂಡಿದ್ದರು. ರೇಡಿಯೋ ನೋಡಲು ಹೋದರೆ ಹಾಗಲ್ಲ. ಮೊದಲಿನದು ಮಾವನವರ ಕಾಲದ, ಚರ್ಮದ ಚೀಲದ ಟ್ರಾನ್ಸಿಸ್ಟರು. ಅದರ ಮುಳ್ಳು ಸಾಸಿವೆಯಷ್ಟು ಸರಿದರೆ ಮೂರು ದೇಶ ದಾಟಿರುತ್ತದೆ ಎಂದು ಅಂಕೆಗಳು ಕಾಣುವ ಒಂದು ಸಣ್ಣ ರೇಡಿಯೋ ತಂದರು. ಅದು ಬಲವಾದ ನಿಲಯದ ಪಕ್ಕದಲ್ಲಿರುವ ಬಡಪಾಯಿ ನಿಲಯವನ್ನು ಬಿಡಿಸಿ ಕೊಡುವುದಿಲ್ಲ ಎಂದು ಮೂರನೆಯದಕ್ಕೆ ಚನ್ನಗಿರಿಗೆ ಹೋದೆವು. ಅಲ್ಲೊಬ್ಬರು ತಮ್ಮ ದೊಡ್ಡ ಸೆಟ್ಟು ಮಾರುತ್ತಾರೆಂದು ಸುದ್ದಿ ಬಂದಿತ್ತು.

ಹೆಣ್ಣನ್ನು ಅವಳ ಮನೆಯಲ್ಲಿ ನೋಡಬೇಕು, ರೇಡಿಯೋವನ್ನು ಬಯಲಲ್ಲಿ ನೋಡಬೇಕು ಎಂಬುದು ಇವರ ಸಿದ್ಧಾಂತ. ಊರೊಳಗೆ ಎಲ್ಲ ರೇಡಿಯೋವೂ ಕೆಟ್ಟದ್ದೇ ಅಂತೆ. ಆ ಪುಣ್ಯಾತ್ಮರನ್ನು ಒಪ್ಪಿಸಿ ಸೆಟ್ಟನ್ನು ನನ್ನ ತೊಡೆಯ ಮೇಲೆ ಇಡಿಸಿ ಸ್ಕೂಟರಿನಲ್ಲಿ ಕತ್ತಲಗೆರೆಯ ಕಡೆ ಹೊರಟರು. ಗದ್ದೆಯ ಬದುವಿನ ಮೇಲೆ ಟವೆಲು ಹಾಸಿ ರೇಡಿಯೋ ಕೂರಿಸಿ, ತಂತಿಯ ಒಂದು ತುದಿಯನ್ನು ಜಾಲಿ ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಎತ್ತಿ ಹಿಡ್ಕೊ" ಎಂದರು. ನಾನು ಎತ್ತಿ ಹಿಡಿದುಕೊಂಡು ನಿಂತೆ. ಗದ್ದೆಗೆ ನೀರು ಕಟ್ಟುತ್ತಿದ್ದ ರೈತರೊಬ್ಬರು ಬಂದು ಬಹಳ ಹೊತ್ತು ನೋಡಿದರು.

"ಸರ್ವೇದವ್ರಾ?" ಎಂದರು.

"ಅಲ್ರಿ, ರೇಡಿಯೋ ಕೇಳಾಕೆ ಬಂದೀವಿ," ಎಂದರು ಇವರು.

ಅವರು ನನ್ನ ಕಡೆ ತಿರುಗಿ, ಬಹಳ ಕನಿಕರದಿಂದ, "ಮನ್ಯಾಗೆ ಕೇಳಾಕೆ ಬಿಡಲ್ವೇನವ್ವಾ?" ಎಂದರು. ಆ ಸೆಟ್ಟು ಮನೆಗೆ ಬಂತು. ಅವರ ಆ ಮಾತನ್ನು ನಾನು ಇವತ್ತಿಗೂ ಇವರಿಗೆ ನೆನಪಿಸುತ್ತಿರುತ್ತೇನೆ.

ಇನ್ನು ಬೇಲಿಯ ವಿಷಯ. ನಮ್ಮ ಮನೆ ಊರಂಚಿನಲ್ಲಿದೆ. ಹಿತ್ತಲಿನಾಚೆ ಪಕ್ಕದ ಮನೆಯವರ ಹೊಲ, ಮಳೆಗಾಲದಲ್ಲಿ ಮೆಕ್ಕೆಜೋಳ, ಬೇಸಿಗೆಯಲ್ಲಿ ಬೋರಿನ ನೀರಿಗೆ ತರಕಾರಿ. ಕಾಡುಹಂದಿಯ ಕಾಟಕ್ಕೆ ಅವರು ಸುತ್ತ ಸೋಲಾರ್ ಬೇಲಿ ಹಾಕಿಸಿದರು. ಆ ತಂತಿಗೆ ಕ್ಷಣಕ್ಕೊಮ್ಮೆ ಸಣ್ಣ ಶಾಕ್ ಹರಿಯುತ್ತದೆ. ಹಂದಿಗೆ ಅದು ಮುಟ್ಟಿದಾಗ ಮಾತ್ರ ಗೊತ್ತಾಗುತ್ತದೆ, ನಮ್ಮ ರೇಡಿಯೋಕ್ಕೆ ಮುಟ್ಟದೆಯೂ ಗೊತ್ತಾಗುತ್ತದೆ. ಟಿಕ್, ಟಿಕ್, ಟಿಕ್. ಕರೆಂಟು ಹೋದರೂ ಅದು ನಿಲ್ಲುವುದಿಲ್ಲ, ಬ್ಯಾಟರಿಯ ಮೇಲೆ ನಡೆಯುತ್ತದೆ. ಊರೆಲ್ಲ ಕತ್ತಲಾಗಿ ಇವರ ಸ್ವರ್ಗದ ಬಾಗಿಲು ತೆರೆದ ಹೊತ್ತಿನಲ್ಲಿ ಬಾಗಿಲಲ್ಲಿ ಯಾರೋ ಕುಳಿತು ಚಿಟಿಕೆ ಹೊಡೆಯುತ್ತಿದ್ದ ಹಾಗೆ.

ಇವರು ಪಕ್ಕದ ಮನೆಗೆ ಹೋಗಿ, ಸಂಜೆ ಸ್ವಲ್ಪ ಹೊತ್ತು ಬೇಲಿ ಬಂದ್ ಮಾಡಲು ಸಾಧ್ಯವೇ ಎಂದು ಕೇಳಿದರು. ಪಕ್ಕದವರು ಸಭ್ಯರು. "ನೋಡಾನ ಬಿಡ್ರಿ ಸಾಹೇಬ್ರೆ," ಎಂದರು. ನಮ್ಮ ಕಡೆ "ನೋಡಾನ" ಎಂದರೆ ಆಗುವುದಿಲ್ಲ ಎಂದೇ ಅರ್ಥ. ಕೇಳಿದವರ ಮರ್ಯಾದೆ ಉಳಿಸಲು ಹಾಗೆ ಹೇಳುವುದು. ಹುಟ್ಟಿದಾಗಿನಿಂದ ಇದೇ ಸೀಮೆಯಲ್ಲಿರುವ ಇವರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆಸೆ ಎಂಬುದು ಬಂದರೆ ಯಾರಿಗೂ ಕನ್ನಡ ಸರಿಯಾಗಿ ಅರ್ಥವಾಗುವುದಿಲ್ಲ.

ಕೆಲವು ತಿಂಗಳು ಟಿಕ್ ಟಿಕ್ ನಡೆಯಿತು, ಇವರ ಗೊಣಗಾಟವೂ ನಡೆಯಿತು. ಆಮೇಲೆ ಒಂದು ಸಂಜೆ ಇವರು ಅಂಗಳದಿಂದ ಓಡಿ ಬಂದರು. ಮುಖ ಅರಳಿತ್ತು.

"ಬಂದ್ ಮಾಡ್ಯಾನೆ ಕಣೇ! ಬೇಲಿ ಬಂದ್ ಮಾಡ್ಯಾನೆ ಪುಣ್ಯಾತ್ಮ! ಬಾ, ಕೇಳು, ಎಷ್ಟು ನಿಶ್ಶಬ್ದ ಐತೆ!"

ನಾನು ಹೋಗಿ ರೇಡಿಯೋ ಮುಂದೆ ನಿಂತೆ. ಟಿಕ್, ಟಿಕ್, ಟಿಕ್ ಎನ್ನುತ್ತಿತ್ತು. ಮೊದಲಿಗಿಂತ ಜೋರಾಗಿ ಅಲ್ಲ, ಮೆಲ್ಲಗೂ ಅಲ್ಲ, ಯಾವಾಗಿನ ಹಾಗೆಯೇ. ಇವರು ನನ್ನ ಮುಖ ನೋಡುತ್ತ ನಗುತ್ತಿದ್ದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. ಆಮೇಲೆ ಇವರ ಕಣ್ಣಲ್ಲಿ ತಮಾಷೆ ಇಲ್ಲ ಎಂದು ಗೊತ್ತಾಯಿತು.

"ಹೌದಲ್ರೀ," ಎಂದೆ.

ಆ ಯುಗಾದಿಗೆ ಪಕ್ಕದ ಮನೆಗೆ ಒಂದು ಡಬ್ಬಿ ಹೋಳಿಗೆ, ಮೇಲೆ ತುಪ್ಪ. ಇವರೇ ಹೊತ್ತುಕೊಂಡು ಹೋದರು. "ನಿಮ್ಮ ಉಪಕಾರ ಮರೆಯಂಗಿಲ್ಲ," ಎಂದರಂತೆ. ಅವರು ಏನೂ ಅರ್ಥವಾಗದೆ, ಹಬ್ಬದ ಮಾತು ಇರಬೇಕು ಎಂದುಕೊಂಡು, "ಇದೆಲ್ಲ ಯಾಕ್ರಿ ಸಾಹೇಬ್ರೆ" ಎನ್ನುತ್ತ ಡಬ್ಬಿ ತೆಗೆದುಕೊಂಡರು. ಬೇಲಿ ತನ್ನ ಪಾಡಿಗೆ ಟಿಕ್ ಎನ್ನುತ್ತಿತ್ತು. ಮರುವರ್ಷವೂ ಹೋಳಿಗೆ ಹೋಯಿತು.

ಕಿವಿ ಹೋಗುವುದು ಒಮ್ಮೆಲೇ ಅಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಹಲಗೆಯ ಮೇಲಿನ ಬರಹದಂತೆ ಅಂಚಿನಿಂದ ಅಳಿಸಿಕೊಂಡು ಬರುತ್ತದೆ. ಮೊದಲು ಸಣ್ಣ ಚೂಪಾದ ಶಬ್ದಗಳು ಹೋಗುತ್ತವೆ. ಲಾರಿಯ ಸದ್ದು, ಗುಡುಗು ಇರುತ್ತವೆ, ಆದ್ದರಿಂದ ಕಿವಿ ಚೆನ್ನಾಗಿದೆ ಎಂದೇ ಮನುಷ್ಯ ತಿಳಿದಿರುತ್ತಾನೆ. ಇವರೂ ಹಾಗೇ. ಯಾವ ನಿಲಯವೂ ಸರಿಯಾಗಿ ಬರುತ್ತಿಲ್ಲ ಎಂದರೆ ಸೂರ್ಯನ ಮೇಲೆ ಏನೋ ಆಗಿದೆ ಎಂದರು. ಆಕಾಶದ ತಪ್ಪು ಎಂದರು. ಮಾಳಿಗೆಯ ಮೇಲಿನ ತಂತಿಗೆ ನಾನು ಒದ್ದೆ ಸೀರೆ ಹರವಿದ್ದರಿಂದ ಎಂದರು. ಕೊನೆಗೆ ರೇಡಿಯೋ ಮಂದವಾಗಿದೆ ಎಂದು ಇನ್ನೊಂದು ತಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವರು ಸೂರ್ಯನೇ ಡೊಂಕು ಎಂದರು.

ಈ ಹೊಸದು ಒಂದು ಕರಿಯ ಡಬ್ಬಿ. ಲ್ಯಾಪ್‌ಟಾಪಿಗೆ ಜೋಡಿಸಿದರೆ ಆಕಾಶದಲ್ಲಿರುವ ನಿಲಯಗಳೆಲ್ಲ ಪರದೆಯ ಮೇಲೆ ಬಣ್ಣದ ಗೆರೆಗಳಾಗಿ ಇಳಿಯುತ್ತವೆ. ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸುವ ಯಂತ್ರ. ಇವರಿಗೆ ಅದು ಬಹಳ ಹಿಡಿಸಿತು. ಏಕೆ ಹಿಡಿಸಿತು ಎಂದು ಇವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಒಂದು ಸಂಜೆ, ದೀಪ ಹಚ್ಚುವ ಹೊತ್ತು, ನಾನು ಮಷೀನು ತುಳಿಯುತ್ತಿದ್ದೆ. ಇವರು ಪರದೆಯನ್ನು ದಿಟ್ಟಿಸುತ್ತ, "ನೋಡು, ಇದು ಶಾಂತ ಸಾಗರದ ಆ ಸಣ್ಣ ದ್ವೀಪ. ಎಷ್ಟು ವರ್ಷದಿಂದ ಹುಡುಕ್ತಾ ಇದ್ದೆ," ಎಂದರು. ತೆಳ್ಳಗೆ ಒಂದು ಗೆರೆ ಇಳಿಯುತ್ತಿತ್ತು. ದನಿ ಹೆಚ್ಚಿಸಿದರು, ಸುಂಯ್ ಎಂಬುದೂ ಹೆಚ್ಚಿತು. ಮುಖವನ್ನು ಸ್ಪೀಕರಿಗೆ ಹಚ್ಚಿ ಬಹಳ ಹೊತ್ತು ಕುಳಿತರು. "ಗೆರೆ ಐತೆ, ದನಿ ಇಲ್ಲ. ಅವರು ಮಾತಾಡ್ತಾನೇ ಇಲ್ಲ," ಎಂದು ಬೆನ್ನು ಒರಗಿಸಿದರು.

ಅವರು ಮಾತಾಡುತ್ತಿದ್ದರು. ಒಬ್ಬ ಹೆಂಗಸು ಏನನ್ನೋ ನಿಧಾನವಾಗಿ ಓದುತ್ತಿದ್ದಳು. ಆಮೇಲೆ ಮಕ್ಕಳು ಹಾಡಿದರು. ಭಾಷೆ ತಿಳಿಯದಿದ್ದರೂ ನಾನು ಅಷ್ಟು ದೂರದಿಂದ, ಮಷೀನಿನ ಮುಂದೆ ಕುಳಿತು, ಅದನ್ನೆಲ್ಲ ಕೇಳಿದೆ. ಇವರು ಇಷ್ಟು ವರ್ಷ ಕಾದದ್ದು ನನ್ನ ಕಿವಿಗೆ ಬಂತು. ನನಗೆ ಅಳು ಬಂತು. ದಾರ ಕಿತ್ತಿತು ಎಂಬ ನೆಪದಲ್ಲಿ ಬಗ್ಗಿಕೊಂಡೆ.

ಹೇಳಿಬಿಡಬೇಕಿತ್ತು ಎನ್ನುವವರು ಇರಬಹುದು. ಇವರಿಗೆ ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ, ಕಟ್ಟೆಯ ಮೇಲಿನ ರಾಜಕೀಯ ಇಲ್ಲ. ಇದೊಂದೇ. ರೇಡಿಯೋ ಕೆಟ್ಟರೆ ಇನ್ನೊಂದು ತರುತ್ತಾರೆ, ಕೆಟ್ಟದ್ದು ಕಿವಿ ಎಂದು ಹೇಳಿದ ಮೇಲೆ ಮತ್ತೆ ಆ ಕುರ್ಚಿಯಲ್ಲಿ ಕುಳಿತಾರೋ ಇಲ್ಲವೋ ಎಂದು ನನಗೆ ಹೆದರಿಕೆ. ಹಾಗೆಂದು ಸುಮ್ಮನೂ ಇರಲಿಲ್ಲ. ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತ, ಹೆಂಚಿನ ಕಡೆ ಮುಖ ಮಾಡಿ, "ರೀ, ನಿಮಗೆ ಕಿವಿ ಕೇಳ್ತಿಲ್ಲ, ರೇಡಿಯೋ ಚೆನ್ನಾಗೇ ಐತೆ," ಎಂದು ಹೇಳಿ ನೋಡುತ್ತಿದ್ದೆ. ಇವರು ಹಿಂದಿನಿಂದ "ಏನಂದೆ?" ಎನ್ನುತ್ತಿದ್ದರು. "ಚಟ್ನಿಗೆ ಉಪ್ಪು ಸಾಕಾ ಅಂದೆ," ಎನ್ನುತ್ತಿದ್ದೆ.

ಇವರದೇ ಹವ್ಯಾಸದ ಒಬ್ಬ ಹಿರಿಯ ಗೆಳೆಯರು ಜಗಳೂರಿನಲ್ಲಿದ್ದಾರೆ. ನೌಕರಿಯ ಕಾಲದಲ್ಲಿ ಪರಿಚಯವಾದವರು. ಆ ಬಯಲು ಸೀಮೆಯಲ್ಲಿ ಗದ್ದಲ ಕಡಿಮೆ, ನಿಲಯಗಳು ಹೆಚ್ಚು ಎಂದು ಇವರಿಗೆ ಅವರ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚು. ಅವರು ಬಂದ ದಿನ ಇವರು ಕರಿಯ ಡಬ್ಬಿಯ ದೋಷಗಳನ್ನು ಒಂದೊಂದಾಗಿ ವರ್ಣಿಸಿದರು. ಅವರು ಎಲ್ಲ ತಿರುಗಿಸಿ, ಕೇಳಿ, ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದರು.

"ತಾಯಿ, ರೇಡಿಯೋ ಬೆಂಕಿಯಂಗೆ ಐತೆ, ದೋಷ ಒಂದೂ ಇಲ್ಲ," ಎಂದರು ಮೆಲ್ಲಗೆ.

"ಗೊತ್ತು ಅಣ್ಣಾರೆ. ಹೆಂಗೆ ಹೇಳೋದು ಅಂತ ಗೊತ್ತಿಲ್ಲ," ಎಂದೆ.

ಅವರು ನೀರು ಪೂರ್ತಿ ಕುಡಿದು, ಲೋಟ ಇಟ್ಟು, ಹೊರಗೆ ಹೋದರು. "ನಾನೂ ಹೊಸ ರಿಸೀವರ್ ತಗಂಡೀನಿ ಕಣೋ," ಎಂದದ್ದು ಕೇಳಿಸಿತು. ಇವರ ಕಿವಿ, ಇದ್ದಷ್ಟು ಕಿವಿ, ನೆಟ್ಟಗಾಯಿತು. ಎಷ್ಟು ದೊಡ್ಡದು? ಹುಣಸೆಬೀಜದಷ್ಟು. ಬ್ಯಾಟರಿ? ಗುಂಡಿಯಷ್ಟು. ಗದ್ದಲ ಸೋಸುತ್ತದೆಯೇ? ಸೋಸುತ್ತದೆ. ಎಲ್ಲಿ, ತೋರಿಸಿ. ಅವರು ಕೈ ಎತ್ತಿ ತಮ್ಮ ಕಿವಿಯೊಳಗಿಂದ ಅದನ್ನು ತೆಗೆದು ಇವರ ಅಂಗೈಯಲ್ಲಿ ಇಟ್ಟರು.

ಇವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿವಿಗೆ ಬಿರಡೆ ಹಾಕಿಕೊಂಡು ಕೇಳುವವನು ಕೇಳುಗನೇ ಅಲ್ಲ ಎಂದು ಹೆಡ್‌ಫೋನನ್ನೂ ಮುಟ್ಟದ ಮನುಷ್ಯ ಇವರು. ಕೊನೆಗೆ, "ಸೆಲೆಕ್ಟಿವಿಟಿ ಹೆಂಗೈತೆ?" ಎಂದರು. ಅಕ್ಕಪಕ್ಕದ ನಿಲಯಗಳನ್ನು ಬೇರೆ ಮಾಡುವ ಶಕ್ತಿಗೆ ರೇಡಿಯೋದವರು ಹಾಗೆನ್ನುತ್ತಾರೆ.

"ಹೆಂಡ್ತಿ ದನಿ ಬೇರೆ, ಮಿಕ್ಸಿ ದನಿ ಬೇರೆ ಮಾಡ್ತೈತೆ. ಇನ್ನೇನು ಬೇಕು?" ಎಂದರು ಜಗಳೂರಿನವರು. ನಾನು ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ದಾವಣಗೆರೆಯ ಕಿವಿ ಪರೀಕ್ಷೆಯ ಕೋಣೆಗೆ ಇವರು ರೇಡಿಯೋ ಕೊಳ್ಳಲು ಹೋಗುವ ಠೀವಿಯಲ್ಲೇ ಹೋದರು. ಪರೀಕ್ಷೆ ಮಾಡುವ ಹೆಣ್ಣುಮಗಳು ತಲೆಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, "ಸರ್, ಸಣ್ಣ ಶಬ್ದ ಕೇಳಿಸಿದ ಕೂಡಲೇ ಒತ್ತಿ," ಎಂದಳು. ಜೀವನವಿಡೀ ಸುಂಯ್ ಎಂಬುದರ ಒಳಗಿಂದ ಇಲ್ಲದ ದನಿಯನ್ನು ಹೆಕ್ಕಿ ತೆಗೆದವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯೇ? ಇವರು ಕಣ್ಣು ಮುಚ್ಚಿದರು, ಹುಬ್ಬು ಗಂಟಿಕ್ಕಿದರು, ಗಂಭೀರವಾಗಿ ಒತ್ತಿದರು. ಮತ್ತೆ ಒತ್ತಿದರು. ನಾನು ಗಾಜಿನ ಈಚೆ ನಿಂತು ಹೆಮ್ಮೆಪಟ್ಟೆ. ಪರವಾಗಿಲ್ಲ, ನಾನೇ ಸುಮ್ಮನೆ ಹೆದರಿದ್ದೆ ಎಂದುಕೊಂಡೆ.

ಆಕೆ ಬಾಗಿಲು ತೆರೆದು, ಬಹಳ ವಿನಯದಿಂದ, "ಸರ್, ನಾನಿನ್ನೂ ಶಬ್ದಾನೇ ಕೊಟ್ಟಿಲ್ಲ," ಎಂದಳು.

ಮತ್ತೆ ಮಾಡಿ ಮುಗಿಸಿದ ಮೇಲೆ ಒಂದು ಗೆರೆಯ ಚಿತ್ರ ತೋರಿಸಿದಳು. ಎಡಗಡೆ ನೆಟ್ಟಗಿದ್ದ ಗೆರೆ ಬಲಕ್ಕೆ ಹೋಗುತ್ತ ಬೆಟ್ಟದಿಂದ ಇಳಿದ ಹಾಗೆ ಇಳಿದಿತ್ತು. ನಾನು ಏನೇ ಹೇಳಿದ್ದರೂ ಇವರು ವಾದ ಮಾಡುತ್ತಿದ್ದರು. ಗೆರೆಯೊಂದಿಗೆ ವಾದ ಮಾಡಲಿಲ್ಲ. ಬೆರಳಿಟ್ಟು ನೋಡಿ, "ಮೇಲಿನ ಬ್ಯಾಂಡ್ ಪೂರ್ತಿ ಹೋಗೈತೆ," ಎಂದು ತಮಗೆ ತಾವೇ ಹೇಳಿಕೊಂಡರು. ದನಿ ಸಣ್ಣದಾಗಿತ್ತು. ಇವರ ಕೈ ಹಿಡಿದುಕೊಳ್ಳಬೇಕೆನಿಸಿತು, ಆಸ್ಪತ್ರೆಯಲ್ಲಿ ನಾಚಿಕೆಯಾಗಿ ಚೀಲ ಹಿಡಿದುಕೊಂಡೆ. ಎರಡು ನಿಮಿಷ ಅಷ್ಟೇ. ಆಮೇಲೆ ಕಿವಿಗೆ ಹಾಕುವ ಯಂತ್ರಗಳ ಸರದಿ ಬಂತು. ಇದರ ಫಿಲ್ಟರ್ ಹೆಂಗೆ, ಅದು ಎಷ್ಟು ಬ್ಯಾಟರಿ ತಿನ್ನುತ್ತದೆ, ರೇಡಿಯೋ ಹತ್ತಿರ ಕುಳಿತರೆ ಅದೇ ಗದ್ದಲ ಮಾಡುತ್ತದೆಯೇ ಎಂದು ಆ ಹೆಣ್ಣುಮಗಳನ್ನು ಪ್ರಶ್ನೆಗಳಲ್ಲಿ ಹೂತುಬಿಟ್ಟರು. ಬಯಲಿಗೆ ತೆಗೆದುಕೊಂಡು ಹೋಗಿ ನೋಡಿ ಬರಬಹುದೇ ಎಂದೂ ಕೇಳಿದರು. ನನಗೆ ಕತ್ತಲಗೆರೆಯ ಬದು ಕಣ್ಣಿಗೆ ಕಟ್ಟಿತು. ಸದ್ಯ, ಒಂದನ್ನು ಕಿವಿಗೆ ಹಾಕಿಕೊಂಡು ಆಸ್ಪತ್ರೆಯ ಅಂಗಳದಲ್ಲಿ ಒಂದು ಸುತ್ತು ಬಂದು ತೃಪ್ತರಾಗಿ ಅದನ್ನೇ ಕೊಂಡರು.

ಮನೆಗೆ ತಲುಪಿದಾಗ ಇಳಿಸಂಜೆ. ಬಟ್ಟೆ ಸಹ ಬದಲಿಸದೆ ರೇಡಿಯೋ ಮುಂದೆ ಕುಳಿತರು. ಹಾಗೆ ಕುಳಿತ ಕೂಡಲೇ ಕರೆಂಟೂ ಹೋಯಿತು, ಹಳೆಯ ಇಲಾಖೆಯ ಕೃಪೆ. ನಾನು ಮೇಣದ ಬತ್ತಿ ಹುಡುಕುತ್ತಿದ್ದೆ. "ಆಹಾ" ಎಂಬ ಕೂಗಿಗೆ ಕಾದೆ, ಬರಲಿಲ್ಲ. ಬದಲಿಗೆ ಕುರ್ಚಿ ಹಿಂದಕ್ಕೆ ದೂಡಿದ ಸದ್ದು.

"ನೋಡಿದೆಯಾ ಅವನ್ನ! ಮತ್ತೆ ಬೇಲಿ ಆನ್ ಮಾಡ್ಯಾನೆ! ಎರಡು ವರ್ಷ ಹೋಳಿಗೆ ತಿಂದು, ಇವತ್ತೇ ಆನ್ ಮಾಡ್ಬೇಕಾ? ಟಿಕ್ ಟಿಕ್ ಅಂತೈತೆ, ಕೇಳ್ತೈತಾ ನಿಂಗೆ?"

ಕೇಳುತ್ತಿತ್ತು. ಇವರಿಗೆ ಕೇಳುತ್ತಿದೆ ಎಂಬುದೂ ಕೇಳುತ್ತಿತ್ತು. ನನ್ನ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳು ಸುಡುವವರೆಗೆ ಉರಿಯಿತು. ಇವರು ಸಿಟ್ಟಿನಿಂದ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದರು. ಹಿತ್ತಲ ಗೋಡೆಯಾಚೆ ಮಾತು ನನಗೂ ಕೇಳಿಸುತ್ತಿತ್ತು.

"ನಾವ್ ಯಾವತ್ತೂ ಬಂದ್ ಮಾಡೇ ಇಲ್ರೀ ಸಾಹೇಬ್ರೆ," ಎನ್ನುತ್ತಿದ್ದರು ಪಕ್ಕದವರು, ಗಾಬರಿಯಿಂದ. "ಬಂದ್ ಮಾಡಿದ್ರೆ ಹಂದಿ ಬಿಡ್ತಾವೇನ್ರಿ? ಹಾಕ್ಸಿದ ದಿನದಿಂದ ಹಂಗೇ ನಡೀತೈತೆ."

ಹೋದಷ್ಟು ವೇಗದಲ್ಲಿ ಇವರು ವಾಪಸು ಬರಲಿಲ್ಲ. ಬಂದವರು ರೇಡಿಯೋ ಕಡೆ ಹೋಗಲಿಲ್ಲ. ಅಡಿಗೆಮನೆಯ ಹೊಸ್ತಿಲ ಮೇಲೆ, ಮೇಣದ ಬತ್ತಿಯ ಬೆಳಕಿನಲ್ಲಿ, ಕುಳಿತರು. ನಾನು ಹೆಂಚು ಕಾಯಲು ಇಟ್ಟಿದ್ದೆ.

"ನಿಂಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ಎರಡು ವರ್ಷದಿಂದ?"

"ಹೂಂ."

"ಮತ್ತೆ ಒಂದು ದಿನಾನೂ ಹೇಳಲಿಲ್ಲವಲ್ಲೇ."

"ಹೇಳಿದ್ದೆ ರೀ," ಎಂದೆ. "ಬಹಳ ದಿನ ಹೇಳಿದ್ದೆ. ನಿಮಗೆ ಕೇಳಿಸಲಿಲ್ಲ."

ನಾನು ಹೆಂಚಿನ ಕಡೆ ತಿರುಗಿಕೊಂಡು, ನನ್ನ ಹಳೆಯ ಅಭ್ಯಾಸದಂತೆ, ನನಗೆ ನಾನೇ, "ಒಂದು ದ್ವೀಪ ಐತೆ, ಅದರಾಗೆ ಒಬ್ಬಾಕೆ ಓದ್ತಾಳೆ, ನಾಳೆ ಕೇಳಿಸ್ಕಳಿ," ಎಂದೆ.

"ನಾಳೆ ಯಾಕೆ, ಇವತ್ತೇ ಕೇಳಾನ ಬಾ," ಎಂದರು ಹಿಂದಿನಿಂದ. "ಏನಂದೆ" ಎನ್ನಲಿಲ್ಲ. ದೋಸೆಯ ಹಿಟ್ಟಿನ ಸೌಟು ನನ್ನ ಕೈಯಲ್ಲಿ ಹಾಗೇ ನಿಂತಿತು.

ಆ ಸಂಜೆ ದ್ವೀಪದವರು ಸಿಗಲಿಲ್ಲ. ಆಮೇಲೊಂದು ದಿನ ಸಿಕ್ಕಿದರು. ಅಡಿಗೆಮನೆಯಲ್ಲಿ ನಾನು ಗೊಣಗುವ ಸ್ವಾತಂತ್ರ್ಯ ಮಾತ್ರ ಶಾಶ್ವತವಾಗಿ ಕೈತಪ್ಪಿತು. ಮುಂದಿನ ಯುಗಾದಿಗೆ ಇವರು, ಪಕ್ಕದ ಮನೆಗೆ ಈ ಸಲ ಹೋಳಿಗೆ ಏಕೆ, ಬೇಲಿ ಬಂದ್ ಮಾಡಲೇ ಇಲ್ಲವಲ್ಲ ಎಂದರು. "ಬಂದ್ ಮಾಡದೆ ಇದ್ದುದಕ್ಕೇ ರೀ," ಎನ್ನುತ್ತ ನಾನು ದೊಡ್ಡ ಡಬ್ಬಿ ತೆಗೆದು, ತುಂಬ ಹೋಳಿಗೆ ಜೋಡಿಸಿ, ತುಪ್ಪ ಹಾಕಿ, ನಾನೇ ಹೋಗಿ ಕೊಟ್ಟು ಬಂದೆ.